ಬಾವಿಕಟ್ಟೆಯ ಮೇಲೆ ಬಿಟ್ಟ ಹನ್ನೆರಡು ಚೀಲ

ನಮ್ಮೂರ ಹಿನ್ನೀರಿನಲ್ಲಿ ಮೀನು ಸತ್ತು ತೇಲಿದ್ದು ರಾಜೇಸಾಬನಿಂದ ಅಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು — ಊರವರೆಲ್ಲ ಸೇರಿ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಾಗಲೇ ಗೊತ್ತಿತ್ತು — ಮತ್ತು ನಾನು ಹೇಳಲಿಲ್ಲ. ಗೊತ್ತಿತ್ತು ಅಂತ ಬರೆದು ಮತ್ತೆ ಆ ಶಬ್ದವನ್ನೇ ನೋಡುತ್ತಿದ್ದೇನೆ. ಪೂರ್ತಿ ಗೊತ್ತಿತ್ತೇ? ಅರ್ಧವೇ? ಹನ್ನೊಂದು ವರ್ಷದಿಂದ ಇದೇ ತಕರಾರು ನನ್ನೊಳಗೆ ನಡೆದಿದೆ, ಇನ್ನೂ ಬಗೆಹರಿದಿಲ್ಲ. ಆದರೆ ಅವನು ಮಾಡಿಲ್ಲ ಅನ್ನುವಷ್ಟಂತೂ ಗೊತ್ತಿತ್ತು. ಅದನ್ನು ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಈಗ ನಿವೃತ್ತನಾಗಿ ಹೆಂಡತಿಯೊಂದಿಗೆ ನವನಗರದಲ್ಲಿದ್ದೇನೆ. ಅಣ್ಣ ಸಂಗಪ್ಪ ಊರಲ್ಲಿದ್ದಾನೆ. ಊರೆಂದರೆ ಮೊದಲಿನದಲ್ಲ, ಅದು ಮುಳುಗಿದ ಮೇಲೆ ಎತ್ತರದಲ್ಲಿ ಕಟ್ಟಿಕೊಟ್ಟದ್ದು. ನಮ್ಮ ಹೊಲವೂ ಮುಳುಗಿತು. ಆದರೆ ನಮ್ಮ ಕಡೆ ಮುಳುಗಿದ ಹೊಲ ಪೂರ್ತಿ ಸಾಯುವುದಿಲ್ಲ. ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ಇಳಿಯುತ್ತ ಹೋದ ಹಾಗೆ ಹೊಲಗಳು ಒಂದೊಂದೇ ಮೇಲೇಳುತ್ತವೆ, ಹಳೆಯ ಮಾಲೀಕರು ಹೋಗಿ ಅದರಲ್ಲೇ ಬಿತ್ತುತ್ತಾರೆ. ಕಾಗದದಲ್ಲಿ ಅದು ಸರಕಾರದ್ದು. ಬಿತ್ತಿರಿ ಎಂದು ಯಾರೂ ಹೇಳಿಲ್ಲ, ಬೇಡ ಎಂದೂ ಯಾರೂ ತಡೆದಿಲ್ಲ. ಗುರುತಿಗೆ ಒಬ್ಬನಿಗೆ ಬಾಂದುಗಲ್ಲು, ಇನ್ನೊಬ್ಬನಿಗೆ ಬೇವಿನ ಬೊಡ್ಡೆ, ನಮಗೆ ನಮ್ಮ ಹಳೆಯ ಬಾವಿಯ ಕಟ್ಟೆ. ಒಬ್ಬನ ಗುರುತಿನೊಳಗೆ ಇನ್ನೊಬ್ಬ ಕೂರಿಗೆ ಹೂಡುವುದಿಲ್ಲ. ಮಳೆಗಾಲಕ್ಕೆ ನೀರು ಬಂದು ಎಲ್ಲವನ್ನೂ ಮತ್ತೆ ಮುಚ್ಚುತ್ತದೆ.

ನಮ್ಮ ಹೊಲ ಮತ್ತು ಹೊಳೆಯ ನಡುವೆ ಹಳೆಯ ರಸ್ತೆಯ ಏರಿ ಅಡ್ಡ ಇದೆ. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ಒಂದು ಸಣ್ಣ ಮೋರಿ ಬಿಟ್ಟರೆ ದಾರಿಯಿಲ್ಲ. ಹೀಗಾಗಿ ಅಲ್ಲೊಂದು ತಗ್ಗು, ಎದೆಮಟ್ಟದ ನೀರು. ಮಳೆಗಾಲ ಕಳೆದು ರಾಡಿ ಕೆಳಗೆ ಕೂತರೆ ತಳ ಕಾಣುವಷ್ಟು ತಿಳಿ. ಆ ತಗ್ಗಿನಲ್ಲಿ ಮೀನು ಹಿಡಿಯುತ್ತಿದ್ದವನು ರಾಜೇಸಾಬ ಒಬ್ಬನೇ. ಅವನಪ್ಪನೂ ಹೊಳೆಯಲ್ಲಿ ಬಲೆ ಹಾಕಿ ಬದುಕಿದವನು. ರಾಜೇಸಾಬ ನನಗಿಂತ ನಾಲ್ಕೈದು ವರ್ಷ ಸಣ್ಣವನು, ಮಾತು ಕಡಿಮೆ, ನಗುವುದು ಜಾಸ್ತಿ. ಒಂದು ರವಿವಾರ ನನ್ನನ್ನು ಹರಗೋಲಿನಲ್ಲಿ ಕೂರಿಸಿಕೊಂಡು ನಡುನೀರಿಗೆ ಕರೆದೊಯ್ದ.

"ಬಗ್ಗಿ ನೋಡ್ರಿ ಸರ, ಅಂಜಬ್ಯಾಡ್ರಿ, ಬೀಳೂದಿಲ್ಲ. ಇದು ನಮ್ಮ ತಳದ ಹುಲ್ಲು. ಮೀನಾ ತತ್ತಿ ಇಡೂದು ಇದರಾಗ. ಹುಲ್ಲಿದ್ರ ನೀರು ತಿಳಿ ಇರತೈತಿ, ನೀರು ತಿಳಿ ಇದ್ರ ಹುಲ್ಲು ಬೆಳಿತೈತಿ. ಗಂಡಾ ಹೆಂಡ್ತಿ ಇದ್ದಂಗ್ರಿ. ಒಬ್ರು ಹ್ವಾದ್ರ ಇನ್ನೊಬ್ರು ಉಳಿಯೂದಿಲ್ಲ."

ಬಗ್ಗಿ ನೋಡಿದೆ. ಕೆಳಗೆ ಉದ್ದುದ್ದ ಎಳೆಗಳ ಹುಲ್ಲು, ಒಂದೇ ಕಡೆಗೆ ವಾಲಿಕೊಂಡು, ನಡುವೆ ಮರಿಮೀನುಗಳ ಹಿಂಡು. ನಾನು ಮೂರು ಪಾಠದಲ್ಲಿ ಹೇಳುವುದನ್ನು ಈ ಮನುಷ್ಯ ಎರಡು ಮಾತಿನಲ್ಲಿ ಮುಗಿಸಿದನಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇದನ್ನೂ ಹೇಳಿಬಿಡಬೇಕು.

ಇನ್ನು ಗೊಬ್ಬರದ ಮಾತು. ಅಣ್ಣ ಮೊದಲಿನಿಂದ ಆ ಹೊಲದಲ್ಲಿ ಕಡಲೆ, ಸೌತೆ ಹಾಕುತ್ತಿದ್ದ. ಹೊಸ ಮೆಕ್ಕಲು ಮಣ್ಣು. ಏನೂ ಹಾಕದೆ ಬರುತ್ತಿತ್ತು. ಗೋವಿನಜೋಳ ಹಾಕೋಣ, ಯೂರಿಯಾ ಡಿಎಪಿ ಕೊಟ್ಟು ಎಲೆ ಕಪ್ಪು ಹಸಿರಾಗುವ ಹಾಗೆ ಬೆಳೆಯೋಣ ಅಂದವನು ನಾನು. ಅಣ್ಣ ಒಪ್ಪಲಿಲ್ಲ. "ಈ ಮಣ್ಣಿಗೆ ಗೊಬ್ಬರಾ ಹಾಕೂದಂದ್ರ ಉಂಡು ಮಲಗಿದಾಂವ್ನ ಎಬ್ಬಿಸಿ ಮತ್ತ ಉಣ್ಣಾಕ ಹಾಕಿದಂಗ ತಮ್ಮಾ," ಅಂದ. ನನಗೆ ಸಿಟ್ಟು ಬಂತು. ವಿಜ್ಞಾನ ಕಲಿತವನು ನಾನೋ ಅವನೋ? ಹಟ ಹಿಡಿದು ಹಾಕಿಸಿದೆ. ಬೆಳೆ ಎದೆಯುದ್ದ ಬಂತು, ಊರವರು ಬಂದು ನೋಡಿ ಹೋದರು. ಮಾಸ್ತರ ಹೊಲ ನೋಡ್ರಿ ಅಂದರು. ಅವರೂ ಮರುವರ್ಷ ಹಾಗೇ ಮಾಡಿದರು. ನನ್ನ ಹೆಗ್ಗಳಿಕೆಗೆ ಮಿತಿಯೇ ಇರಲಿಲ್ಲ.

ಮೂರನೆಯ ವರ್ಷ. ನೆಲ ಗಟ್ಟಿಯಿದ್ದಾಗಲೇ ಟ್ರ್ಯಾಕ್ಟರ್ ಇಳಿಯಬೇಕು, ಒಂದು ಹದ ಮಳೆ ಬಿದ್ದರೂ ಗಾಲಿ ಹೂತುಹೋಗುತ್ತದೆ. ಅದಕ್ಕೇ ಬೇಕಾದದ್ದಕ್ಕಿಂತ ಹೆಚ್ಚೇ ಗೊಬ್ಬರ ತಂದು ಬಾವಿಕಟ್ಟೆಯ ಮೇಲೆ ಒಟ್ಟಿ ತಾಡಪಾಲು ಹೊಚ್ಚಿಟ್ಟಿದ್ದೆವು. ಹಾಕಿದ್ದು ಹಾಕಿ ಹನ್ನೆರಡು ಚೀಲ ಉಳಿದಿತ್ತು. ನೀರು ಬರುವ ಮೊದಲು ಮೇಲಕ್ಕೆ ಸಾಗಿಸಬೇಕಿತ್ತು. ನನಗೆ ಆಗ ಬಾದಾಮಿಯಲ್ಲಿ ಮೂರು ದಿನದ ತರಬೇತಿ ಬಂತು. ಅಣ್ಣ ಸಾಗಿಸುತ್ತಾನೆ ಅಂತ ನಾನು, ಹೋಗುವ ಮೊದಲು ತಮ್ಮ ಸಾಗಿಸಿರುತ್ತಾನೆ ಅಂತ ಅಣ್ಣ. ಯಾರೂ ಯಾರನ್ನೂ ಕೇಳಲಿಲ್ಲ. ಮೇಲಿನ ಕಡೆ ಜೋರು ಮಳೆಯಾಗಿ ಆ ವರ್ಷ ನೀರು ಎಂಟು ದಿನ ಮೊದಲೇ ಬಂತು.

ಆ ಮೂರು ದಿನ ನಾನು ಬಾದಾಮಿಯಲ್ಲಿ ಕೂತು ಏನು ಕೇಳುತ್ತಿದ್ದೆ ಗೊತ್ತೇ? ದೇವರಾಣೆ, ಕಟ್ಟಿ ಹೇಳುತ್ತಿಲ್ಲ. ಉಪನ್ಯಾಸಕರೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಸಮುದ್ರದ ದಂಡೆಯ ಆಳವಿಲ್ಲದ ನೀರಿನ ಬಗ್ಗೆ ಹೇಳುತ್ತಿದ್ದರು. ಅಲ್ಲಿ ನೀರಿನಡಿ ಹುಲ್ಲುಗಾವಲೇ ಇರುತ್ತದಂತೆ. ಹೊಲಗಳ ಗೊಬ್ಬರ, ಊರುಗಳ ಚರಂಡಿ ಹರಿದು ಬಂದಾಗ ಮೊದಲು ಎಲೆಗಳ ಮೇಲೆ ಲೋಳೆ ಕೂರುತ್ತದೆ. ಆಮೇಲೆ ಕಣ್ಣಿಗೆ ಕಾಣದ ಪಾಚಿ ಹೆಚ್ಚಿ ನೀರೇ ಹಸಿರಾಗುತ್ತದೆ. ಬಿಸಿಲು ತಳ ಮುಟ್ಟುವುದಿಲ್ಲ. ಹುಲ್ಲು ಕತ್ತಲಲ್ಲಿ ಸಾಯುತ್ತದೆ. ಸತ್ತದ್ದು ಕೊಳೆಯುವಾಗ ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಬೆಳಗಿನ ಜಾವ ಮೀನು ಬಾಯಿಬಿಟ್ಟು ಮೇಲೆ ಬರುತ್ತವೆ. ಪಕ್ಕದಲ್ಲಿದ್ದ ಗುಳೇದಗುಡ್ಡದ ಮಾಸ್ತರರು ನನ್ನ ಕಿವಿಯಲ್ಲಿ, "ನಮಗೆಲ್ಲಿ ಸಮುದ್ರ ಬಂತ್ರಿ ಸರ, ನಮ್ಮ ನಲ್ಲಿಗೇ ನೀರಿಲ್ಲ," ಅಂದರು. ನಾನು ನಕ್ಕೆ. ಅದೇ ಹೊತ್ತಿಗೆ ನನ್ನ ಚೀಲಗಳು ಕರಗುತ್ತಿದ್ದವು.

ತಿರುಗಿ ಬಂದಾಗ ಬಾವಿಕಟ್ಟೆಯ ಮೇಲೆ ಆಳೆತ್ತರದ ನೀರು. ಅಣ್ಣ ದಂಡೆಯಲ್ಲಿ ಕೂತಿದ್ದ. "ಯಾರ ಮುಂದೂ ಹೇಳಬ್ಯಾಡೋ. ಮಾಸ್ತರ ಹೊಳಿಗಿ ಗೊಬ್ಬರಾ ಹಾಕಿದ ಅಂತ ಊರ ತುಂಬ ನಗತಾರ," ಅಂದ. ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡದ್ದು ಇಷ್ಟಕ್ಕೆ. ನಗುತ್ತಾರೆ ಅನ್ನುವುದಕ್ಕೆ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇದ್ದೀತೇ ಅಂತ ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.

ದಸರೆ ಕಳೆದ ಮೇಲೆ ರಾಜೇಸಾಬ ನವನಗರದ ಮನೆಗೆ ಬಂದ. ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ತಳದ ಹುಲ್ಲು ಸುತ್ತಿಕೊಂಡು ಬಂದಿದ್ದ. ಎಲೆಗಳ ಮೇಲೆ ಕಂದು ಲೋಳೆ.

"ಒರಸಿದ್ರ ಹೋಗತೈತ್ರಿ ಸರ. ನಾಲ್ಕ ದಿನಕ್ಕ ಮತ್ತ ಕುಂದರತೈತಿ. ಎಷ್ಟಂತ ಒರಸಲ್ರೀ?"

ಒರೆಸುತ್ತಿದ್ದನಂತೆ. ಎದೆಮಟ್ಟದ ನೀರಿನಲ್ಲಿ ನಿಂತು ಹುಲ್ಲಿನ ಎಲೆ ಒರೆಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬಾದಾಮಿಯ ಗೋಡೆಯ ಮೇಲೆ ಕಂಡದ್ದು ನನ್ನ ಮನೆಯ ಕಟ್ಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಬಿದ್ದಿತ್ತು. ನಾನು, "ಹವಾ ಬದಲಾದ್ರ ಹಿಂಗ ಆಗತೈತಿ, ತಾನs ಹೋಗತೈತಿ ಬಿಡು," ಅಂದೆ. ಅವನು ಚಹಾ ಕುಡಿದು ಸಮಾಧಾನವಾಗಿ ಹೋದ. ಅದೇ ವಾರ ಒಂಬತ್ತನೇ ತರಗತಿಯಲ್ಲಿ ನೀರಿನ ಮಾಲಿನ್ಯದ ಪಾಠ ಬಂತು. ಹಲಗೆಯ ಮೇಲೆ ಬಾಣ ಹಾಕಿ ಹಾಕಿ ಬರೆದೆ — ಗೊಬ್ಬರ, ಪಾಚಿ, ನೆರಳು, ಸತ್ತ ಸಸ್ಯ, ಸತ್ತ ಮೀನು. ಮಕ್ಕಳು ಬರೆದುಕೊಂಡರು. ಎಷ್ಟು ಚೆಂದ ಕಲಿಸಿದೆ ಅಂತ ನನಗೇ ಅನ್ನಿಸಿತು.

ಚಳಿ ಶುರುವಾಗುವ ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ತಗ್ಗಿನ ನೀರು ಬಣ್ಣ ಕಲಸಿದ ಹಾಗೆ ಹಸಿರಾಗಿತ್ತು. ಒಂದು ತಿಂಗಳು ಹಾಗೇ ಇತ್ತು. ಆಮೇಲೆ ಒಂದು ಮೋಡದ ಬೆಳಿಗ್ಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ದನಗಳು ನೀರಿಗೆ ಮೂಗು ಇಟ್ಟು ಹಿಂದೆ ಸರಿದವು. ಅಣ್ಣ ಫೋನ್ ಮಾಡಿದ, ನಾನು ಮೊದಲ ಬಸ್ಸಿಗೆ ಹೋದೆ. ಊರ ಕಟ್ಟೆಯ ಮೇಲೆ ಜನ ಸೇರಿದ್ದರು, ನಡುವೆ ರಾಜೇಸಾಬ ನಿಂತಿದ್ದ. ಹಿಂದಿನ ಸಂಜೆ ಅವನು ದಂಡೆಯಲ್ಲಿ ಡಬ್ಬಿ ಹಿಡಿದು ಏನೋ ಕರ್ರಗಿನದು ಸುರುವುತ್ತಿದ್ದುದನ್ನು ಯಾರೋ ನೋಡಿದ್ದರಂತೆ.

"ಹರಗೋಲಕ್ಕ ಡಾಂಬರಾ ಹಚ್ಚಿದ್ದೆರೀ ಗೌಡ್ರ. ಪೂರಾ ಆರಿರಲಿಲ್ಲ, ನೀರಿಗಿ ಬಿಟ್ಟೆ. ಅದು ಬಿಟ್ರ ನಾ ಏನೂ ಮಾಡಿಲ್ರಿ. ನನ್ನ ಅನ್ನದಾಗ ನಾನs ಮಣ್ಣ ಹಾಕ್ಕೋತೇನೇನ್ರಿ?"

ಹರಗೋಲಿನ ತಳಕ್ಕೆ ಡಾಂಬರು ಬಳಿಯುವುದು ವರ್ಷಕ್ಕೊಮ್ಮೆ ಎಲ್ಲರೂ ಮಾಡುವ ಕೆಲಸ. ಆದರೆ ಜನ ಹೆದರಿದ್ದರು. ಊರ ಹಿರಿಯ ನಿಂಗನಗೌಡರು ನನ್ನ ಕಡೆ ತಿರುಗಿದರು.

"ಮಾಸ್ತರ, ನೀವು ಕಲ್ತಾವ್ರು. ಡಾಂಬರದಿಂದ ನೀರು ವಿಷಾ ಆಗತೈತೇನು?"

ಎದುರಿಗೆ ಅಣ್ಣ. ಅವನು ಹೇಳಬೇಡ ಅಂತ ತಲೆಯಾಡಿಸಿದನೋ, ನನಗೆ ಹಾಗೆ ಕಂಡಿತೋ — ಇವತ್ತಿಗೂ ತಿಳಿಯದು. ತಲೆಯೊಳಗೆ ಒಂದೇ ಗದ್ದಲ. ಮೇಲಿನ ಕಬ್ಬಿನ ಗದ್ದೆಗಳ ನೀರೂ ಬರುತ್ತದಲ್ಲ. ಊರ ಚರಂಡಿಯೂ ಬರುತ್ತದಲ್ಲ. ಎಲ್ಲರೂ ಯೂರಿಯಾ ಹಾಕಿದ್ದಾರಲ್ಲ. ನನ್ನ ಹನ್ನೆರಡು ಚೀಲವೇ ಅಂತ ಹೇಗೆ ಹೇಳಲಿ? ಹೇಳಿದರೆ ಅಧಿಕಾರಿಗಳು ಬಂದು ಇಡೀ ಊರಿನ ಬೇಸಿಗೆ ಬಿತ್ತನೆಯನ್ನೇ ನಿಲ್ಲಿಸಿದರೆ? ಮಾಸ್ತರನಿಂದ ಊರು ಹಾಳಾಯಿತು ಅಂದರೆ?

"ಆಗಬಹುದು," ಅಂದೆ.

ಒಂದೇ ಮಾತು. ಸುಳ್ಳೂ ಅಲ್ಲ ಅದು. ಡಾಂಬರಿನಲ್ಲಿ ವಿಷದ ಅಂಶ ಇರುತ್ತದೆ, ಯಾವ ಪುಸ್ತಕ ತೆಗೆದರೂ ಸಿಗುತ್ತದೆ. ಆದರೆ ಡಾಂಬರು ಬಳಿದದ್ದು ಹಿಂದಿನ ಸಂಜೆ, ನೀರು ಹಸಿರಾದದ್ದು ತಿಂಗಳ ಮೊದಲು. ಇಷ್ಟು ಹೇಳಲು ವಿಜ್ಞಾನವೂ ಬೇಕಿರಲಿಲ್ಲ, ನಾಲ್ಕನೇ ತರಗತಿಯ ಮಗು ಹೇಳುತ್ತಿತ್ತು. ಗೌಡರು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ನಾನು ಕೈಕಟ್ಟಿ ನಿಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಆವತ್ತು ಹೆಗಲು ಮುಟ್ಟಿಕೊಂಡವನು ರಾಜೇಸಾಬ. ನಾನು ಹೇಳಿದ್ದು ಕೇಳಿ ಅವನ ಮುಖ ಒಮ್ಮೆಲೇ ಇಳಿಯಿತು, ಡಾಂಬರು ಹತ್ತಿದ ತನ್ನ ಕೈ ನೋಡಿಕೊಂಡ. ಇನ್ನು ಆ ನೀರಿಗೆ ಬಲೆ ಹಾಕಬಾರದು ಅಂತ ಗೌಡರು ಹೇಳಿದರು. ಆಯ್ತ್ರಿ ಅಂದ.

ಯುಗಾದಿಗೆ ಮೊದಲೇ ಅವನು ಹೆಂಡತಿ ಬೀಬಿಜಾನಳ ತವರಾದ ಇಳಕಲ್ಲಿಗೆ ಹೊರಟುಹೋದನಂತೆ. ನಾನು ನೋಡಲು ಹೋಗಲಿಲ್ಲ. ಇನ್ನೂ ಒಂದು ಮಾತು, ಬಿಡುವ ಹಾಗಿಲ್ಲ: ನಾವು ಮುಂದಿನ ಎರಡು ವರ್ಷವೂ ಆ ಹೊಲಕ್ಕೆ ಗೊಬ್ಬರ ಹಾಕಿದೆವು. ಎಲ್ಲರೂ ಹಾಕುತ್ತಿದ್ದರು, ನಾವು ನಿಲ್ಲಿಸಿದರೆ ಯಾಕೆ ಅಂತ ಕೇಳುತ್ತಾರೆ ಅನ್ನುವ ಭಯ. ಈಗ ಆ ತಗ್ಗಿನಲ್ಲಿ ತಳದ ಹುಲ್ಲು ಇಲ್ಲ. ಅಂಚಿನಲ್ಲಿ ಆಪಿನ ಜೊಂಡು ಆಳೆತ್ತರ ಬೆಳೆದಿದೆ, ಮೇಲೆ ಅಂತರಗಂಗೆ ಹಾಸಿಕೊಂಡಿದೆ, ಕೋಲು ಚುಚ್ಚಿದರೆ ಕರಿ ರಾಡಿ ಗುಳುಗುಳು ಅನ್ನುತ್ತದೆ. ನೋಡಿದವರು ಎಷ್ಟು ಹಸಿರಾಗಿದೆ ಅನ್ನುತ್ತಾರೆ.

ಈ ವರ್ಷ ಶ್ರಾವಣದಲ್ಲಿ ಹುನಗುಂದದ ತನ್ನ ತಂಗಿಯ ಮಗಳ ಮದುವೆಗೆ ಸೀರೆ ತರಲೆಂದು ಹೆಂಡತಿ ನನ್ನನ್ನು ಇಳಕಲ್ಲಿಗೆ ಎಳೆದುಕೊಂಡು ಹೋದಳು. ನೇಕಾರರ ಮನೆಯೊಂದಕ್ಕೆ ಹೊಕ್ಕರೆ ಪಡಸಾಲೆಯ ಮೂಲೆಯಲ್ಲಿ ಒಬ್ಬ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದ. ತಲೆ ಎತ್ತಿದ. ರಾಜೇಸಾಬ. ನಾನು ಹೆಂಡತಿಯ ಹಿಂದೆ ಸರಿದೆ. ಅವನೋ ಎದ್ದು ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದ.

"ಸರ, ಆರಾಮ ಅದೀರೇನ್ರಿ? ಒಂದ ಮಾತು ಹೇಳೂದಿತ್ತು ನಿಮಗ. ಆವತ್ತ ನೀವು 'ಆಗಬಹುದು' ಅಂದ್ರಿ. 'ಹೌದು' ಅಂದಿದ್ರ ನನ್ನ ಬಡದs ಬಿಡತಿದ್ರು. ನನ್ನ ಉಳಿಸಿದ್ರಿ. ತಪ್ಪು ನಂದs ಐತ್ರಿ ಸರ. ಒಂದ ದಿನಾ ಆರಾಕ ಬಿಟ್ಟಿದ್ರ ಆಗತಿತ್ತು, ಅವಸರಾ ಮಾಡಿದೆ. ಎಷ್ಟ ಜೀವಾ ಹ್ವಾದುವು. ಅವತ್ತಿಂದ ನಾ ನೀರಿಗಿ ಇಳಿದಿಲ್ಲ."

ಊರವರು ಅವನನ್ನು ತಪ್ಪಿತಸ್ಥ ಅಂದುಕೊಂಡಿದ್ದಾರೆ ಅಂತಷ್ಟೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅವನೂ ನಂಬಿಬಿಟ್ಟಿದ್ದಾನೆ ಅನ್ನುವುದು ನನ್ನ ಕನಸಿನಲ್ಲೂ ಬಂದಿರಲಿಲ್ಲ. ಹೇಳಬೇಕಿತ್ತು, ಅಲ್ಲೇ, ಅವನು ಕೈ ಹಿಡಿದಿದ್ದಾಗಲೇ. ಸೀರೆ ಕಟ್ಟಿಸಿಕೊಂಡು ಬಂದೆ — ಹೌದು, ಬಂದುಬಿಟ್ಟೆ. ಬಸ್ಸು ಹುನಗುಂದ ದಾಟುವಾಗ ಹೆಂಡತಿ, ಯಾಕೆ ಹಿಂಗದೀರಿ ಅಂತ ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ತೊಡೆಯ ಮೇಲಿದ್ದ ಸೀರೆಯ ಗಂಟನ್ನು ಪಕ್ಕಕ್ಕಿಟ್ಟಳು.

"ಹನ್ನೊಂದು ವರ್ಷ ಒಂದs ತಾಟಿನ್ಯಾಗ ಉಂಡಂಗ ಇದ್ದೇವಿ, ನನ್ನ ಮುಂದ ಸುದ್ದಾ ಹೇಳಿಲ್ಲ. ಏನ್ ಮನಷ್ಯಾರ್ರೀ ನೀವು! ಹೋಗ್ರಿ, ಹೋಗಿ ಹೇಳ್ರಿ. ಅಲ್ಲೀ ತನಕಾ ನನ್ನ ಕೂಡ ಮಾತಾಡಬ್ಯಾಡ್ರಿ."

ಹಾಗೆಂದರೂ ಎಂಟು ದಿನ ಹಿಡಿಯಿತು ನನಗೆ. ಹೋದ ಗುರುವಾರ ಒಬ್ಬನೇ ಹೋದೆ, ಈ ಸಲ ಅವನ ಮನೆಗೆ. ಬಾಗಿಲಲ್ಲೇ ನಿಂತು ಶುರು ಮಾಡಿದೆ. ಚೀಲದ ಮಾತು, ಬಾದಾಮಿಯ ಮಾತು, ಒದ್ದೆ ಬಟ್ಟೆಯಲ್ಲಿ ಅವನು ತಂದ ಹುಲ್ಲಿನ ಮಾತು. ಹಿಂದುಮುಂದಾಗಿ ಹೇಳಿದೆನೇನೋ, ಅವನಿಗೆ ತಿಳಿಯಲಿಲ್ಲ. ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡುತ್ತಿದ್ದ.

"ಅಂದ್ರ — ನಾ ಮಾಡಿಲ್ಲೇನ್ರಿ?"

"ನೀ ಮಾಡಿಲ್ಲ ರಾಜೇಸಾಬ."

ಅವನು ಒಳಗೆ ತಿರುಗಿ ಕೂಗಿದ. "ಏ, ಬಾ ಇಲ್ಲೆ. ಮಾಸ್ತರು ಏನೋ ಹೇಳಾಕತ್ತಾರ. ನಾ ಮಾಡಿಲ್ಲಂತ."

ಬೀಬಿಜಾನ ಒಲೆಯ ಮುಂದಿನಿಂದ ಎದ್ದು ಬಂದಳು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಇನ್ನೊಮ್ಮೆ ಹೇಳ್ರಿ ಅಂದಳು. ಹೇಳಿದೆ. ಹೇಳುತ್ತ ಹೇಳುತ್ತ ಕಬ್ಬಿನ ಗದ್ದೆ, ಊರ ಚರಂಡಿ, ಅದರಲ್ಲಿ ನನ್ನ ಪಾಲು ಎಷ್ಟೋ — ಅಂತ ನನ್ನ ಹಳೆಯ ದಾರಿಗೇ ಹೊರಳಿದೆ. ಅವಳು ತಡೆದಳು.

"ಅದೆಲ್ಲಾ ನಮಗ ತಿಳಿಯೂದಿಲ್ರಿ. ಇವರ ಡಾಂಬರದಿಂದ ಹೌದೋ ಅಲ್ಲೋ?"

"ಅಲ್ಲ."

ಅವಳು ಗಂಡನ ಕಡೆ ತಿರುಗಿದಳು. ನಾನು ಅಲ್ಲಿದ್ದೇನೆ ಅನ್ನುವುದೇ ಅವಳಿಗೆ ಮರೆತ ಹಾಗಿತ್ತು. "ನಾನೂ ನಿಮ್ಮ ಮ್ಯಾಲೇ ಹಾಕಿದ್ನೆಲ್ರೀ. ಇಲ್ಲಿಗಿ ಬಂದ ಹೊಸತಾಗಿ ದಿನಾ ಅಂತಿದ್ದೆ — ನಿಮ್ಮ ಕೈಯಿಂದ ನಮಗ ಊರು ಬಿಡೂ ಹಂಗಾತು ಅಂತ. ಒಮ್ಮೆರ ಇಲ್ಲ ಅನ್ನಲಿಲ್ಲಲ್ರೀ ನೀವು." ಅವಳು ಅಳುತ್ತಿದ್ದಳು. ರಾಜೇಸಾಬ ಹಿಟ್ಟಿನ ಆ ಕೈ ಹಿಡಿದು ಅವಳನ್ನು ಕೂರಿಸಿದ. ನನ್ನ ಕಡೆ ತಿರುಗಿ, "ಈಗ ಹೋಗ್ರಿ ಸರ," ಅಂದ. ಬೈದಿದ್ದರೆ ನಿಲ್ಲುತ್ತಿದ್ದೆ. ನಾನು ಮೆಟ್ಟಿಲು ಇಳಿದ ಮೇಲೆ ಹಿಂದಿನಿಂದ ಅವನ ದನಿ ಬಂತು: "ಊರ ಕಟ್ಟಿ ಮ್ಯಾಲೆ ಹೇಳ್ತೀರೇನು?"

ಹೇಳುತ್ತೇನೆ ಅಂದೆ.

ನಿನ್ನೆ ಅಣ್ಣನಿಗೆ ಫೋನ್ ಮಾಡಿ ತಿಳಿಸಿದೆ. ಅವನು ಪೂರ್ತಿ ಕೇಳಿ ಫೋನ್ ಇಟ್ಟ. ಬೇಸಿಗೆಯ ಬಿತ್ತನೆ ನಿಂತುಹೋದೀತು, ಊರು ನನ್ನ ಮೇಲೆ ತಿರುಗಿಬಿದ್ದೀತು, ಅಥವಾ ಏನೂ ಆಗದೆ ಜನ ತಮ್ಮ ತಮ್ಮ ಕೆಲಸಕ್ಕೆ ಹೋದಾರು. ಯಾವುದೂ ಗೊತ್ತಿಲ್ಲ ನನಗೆ. ಸೋಮವಾರ ಹೋಗುತ್ತೇನೆ. ಆವತ್ತು ಕಟ್ಟೆಯ ಮೇಲೆ ಯಾರು ಯಾರಿದ್ದರು ಅಂತ ನೆನಪು ಮಾಡಿಕೊಂಡು ಒಬ್ಬೊಬ್ಬರ ಹೆಸರು ಬರೆದೆ. ನಿಂಗನಗೌಡರು ತೀರಿಕೊಂಡು ನಾಲ್ಕು ವರ್ಷವಾಯಿತು. ಇನ್ನೂ ಮೂವರು ಇಲ್ಲ. ರಾಜೇಸಾಬನೇ ಮಾಡಿದ ಅಂತ ನಂಬಿಯೇ ಅವರು ಹೋದರು, ಅವರಿಗೆ ಇನ್ನು ನಾನು ಹೇಳಲಾರೆ.